ನಾಳದ ಗೋಡೆಯೊಳಗೆ ಕಮಟು ಹಿಡಿಯುವ ಕೊಲೆಸ್ಟ್ರಾಲ್

ತುಮಕೂರಿನ ಯಾವ ಲ್ಯಾಬಿಗೆ ಹೋದರೂ ಬೆಳಗಿನ ಹೊತ್ತು ಖಾಲಿ ಹೊಟ್ಟೆಯಲ್ಲಿ ಬಂದವರ ಸಾಲು ಇರುತ್ತದೆ. ಶುಗರ್ ಜೊತೆಗೆ ರಕ್ತದ ಕೊಬ್ಬು ಅಳೆಯುವ ಲಿಪಿಡ್ ಪ್ರೊಫೈಲ್ ಕೂಡ ಈಗ ಎಲ್ಲರ ಚೀಟಿಯಲ್ಲೂ ಬರೆದಿರುತ್ತದೆ. ತೆಗೆದ ರಕ್ತವನ್ನು ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿದರೆ ರಕ್ತಕಣಗಳು ತಳಕ್ಕೆ ಕೂತು, ಮೇಲೆ ತಿಳಿಹಳದಿ ಸೀರಮ್ ನಿಲ್ಲುತ್ತದೆ. ಅಪರೂಪಕ್ಕೆ ಒಂದು ಟ್ಯೂಬಿನಲ್ಲಿ ಅದು ಹಾಲುಬಿಳುಪಾಗಿ, ಹಿಂದೆ ಹಿಡಿದ ಬೆರಳು ಕಾಣದಷ್ಟು ಮಂಕಾಗಿರುತ್ತದೆ. ಅದನ್ನು ನೋಡಿದವರು ಬೆಚ್ಚಿ "ಅಯ್ಯೋ, ಇಷ್ಟೊಂದು ಕೊಲೆಸ್ಟ್ರಾಲಾ ಸಾರ್?" ಅನ್ನುತ್ತಾರೆ. ಆದರೆ ಆ ಬಿಳುಪು ಕೊಲೆಸ್ಟ್ರಾಲಿನದಲ್ಲ, ಟ್ರೈಗ್ಲಿಸರೈಡ್ ಎಂಬ ಇನ್ನೊಂದು ಬಗೆಯ ಕೊಬ್ಬಿನದು. ಪಕ್ಕದಲ್ಲೇ ಥಳಥಳ ತಿಳಿಯಾಗಿರುವ ಟ್ಯೂಬಿನಲ್ಲಿ, ರಕ್ತದಲ್ಲಿ ಕೊಲೆಸ್ಟ್ರಾಲ್ ಹೊತ್ತು ತಿರುಗುವ ಎಲ್‌ಡಿಎಲ್ 210 ಇದ್ದರೂ ಇರಬಹುದು. ಎಲ್‌ಡಿಎಲ್ ಕಣದ ಅಗಲ ಸುಮಾರು 20ರಿಂದ 25 ನ್ಯಾನೋಮೀಟರ್ ಅಷ್ಟೇ. ಬೆಳಕನ್ನು ಚದುರಿಸಿ ಬೆಳ್ಳಗೆ ಕಾಣುವಷ್ಟು ದೊಡ್ಡದಲ್ಲ ಅದು.

ಈ ಸಣ್ಣತನವೇ ಮುಂದಿನ ಎಲ್ಲ ಕಥೆಗೆ ಮೂಲ. ಬೋರ್‌ವೆಲ್ ನೀರಿನ ಪೈಪಿನಲ್ಲಿ ವರ್ಷ ಕಳೆದಂತೆ ಬಿಳಿ ಪೊರೆ ಕಟ್ಟಿ ಕೊನೆಗೆ ನೀರೇ ನಿಂತುಹೋಗುವುದನ್ನು ನಮ್ಮ ಜಿಲ್ಲೆಯವರು ಚೆನ್ನಾಗಿ ಬಲ್ಲರು. ಹೃದಯದ ನಾಳದಲ್ಲೂ ಹೀಗೇ ಕೊಬ್ಬು ಅಂಟಿಕೊಳ್ಳುತ್ತದೆ ಎಂದು ಹೆಚ್ಚಿನವರು ತಿಳಿದಿದ್ದಾರೆ. ಡಾಕ್ಟರುಗಳೂ ಅವಸರದಲ್ಲಿ ಹಾಗೇ ಹೇಳಿ ಮುಗಿಸುತ್ತಾರೆ. ನಿಜಕ್ಕೂ ಕೊಬ್ಬು ನಾಳದ ಒಳಮೈಗೆ ಮೆತ್ತಿಕೊಳ್ಳುವುದಿಲ್ಲ, ಗೋಡೆಯ ಒಳಕ್ಕೇ ಇಳಿಯುತ್ತದೆ. ನಾಳದ ಗೋಡೆ ಪೈಪಿನ ಹಾಗೆ ಜೀವವಿಲ್ಲದ ವಸ್ತುವಲ್ಲ, ಒಳಗೆ ಬಂದದ್ದಕ್ಕೆ ಅದು ಪ್ರತಿಕ್ರಿಯೆ ತೋರಿಸುತ್ತದೆ. ಆ ಪ್ರತಿಕ್ರಿಯೆಗೇ ಉರಿಯೂತ ಎನ್ನುವುದು. ಹೃದಯಾಘಾತದಲ್ಲಿ ಕೊನೆಯ ಪೆಟ್ಟು ಕೊಡುವುದು ಬರೀ ಕೊಬ್ಬಲ್ಲ, ಕೊಬ್ಬು ಎಬ್ಬಿಸಿದ ಈ ಉರಿ.

ಮೊದಲು ಎಲ್‌ಡಿಎಲ್ ಏನೆಂದು ನೋಡೋಣ. ಕೊಲೆಸ್ಟ್ರಾಲ್ ನೀರಿನಲ್ಲಿ ಕರಗುವುದಿಲ್ಲ, ರಕ್ತವೋ ಬಹುಪಾಲು ನೀರು. ಆದ್ದರಿಂದ ಲಿವರ್ ಕೊಬ್ಬನ್ನು ಪುಟ್ಟ ಗುಂಡುಗಳಾಗಿ ಕಟ್ಟಿ ರಕ್ತಕ್ಕೆ ಬಿಡುತ್ತದೆ. ಇಂಥ ಗುಂಡುಗಳು ದಾರಿಯಲ್ಲಿ ತಮ್ಮ ಟ್ರೈಗ್ಲಿಸರೈಡನ್ನು ಸ್ನಾಯುಗಳಿಗೂ ಕೊಬ್ಬಿನ ಕೋಶಗಳಿಗೂ ಕೊಟ್ಟು ಕೊನೆಗೆ ಉಳಿಯುವ ರೂಪವೇ ಎಲ್‌ಡಿಎಲ್. ಅದರ ನಡುವೆ ಕೊಲೆಸ್ಟ್ರಾಲ್ ತುಂಬಿರುತ್ತದೆ, ಹೊರಗೆ ಫಾಸ್ಫೋಲಿಪಿಡ್‌ನ ತೆಳು ಪೊರೆ ಇರುತ್ತದೆ, ಇಡೀ ಕಣವನ್ನು ಸುತ್ತಿಕೊಂಡು ಅಪೊ-ಬಿ ಎಂಬ ಒಂದೇ ಒಂದು ದೊಡ್ಡ ಪ್ರೋಟೀನ್ ಇರುತ್ತದೆ. ಒಂದು ಕಣಕ್ಕೆ ಒಂದೇ ಅಪೊ-ಬಿ ಎಂಬುದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ. ಜೀವಕೋಶದ ಪೊರೆ, ಪಿತ್ತರಸ, ಹಲವು ಹಾರ್ಮೋನುಗಳಿಗೆ ಕೊಲೆಸ್ಟ್ರಾಲ್ ಬೇಕೇ ಬೇಕು. ಅದನ್ನು ವಿಷ ಎನ್ನುವುದು ತಪ್ಪು.

ಅಪಧಮನಿಯ ಒಳಮೈಗೆ ಒಂದೇ ಕೋಶದಷ್ಟು ದಪ್ಪದ ಪದರವಿದೆ. ಎಲ್‌ಡಿಎಲ್ ಕಣಗಳು ಅದನ್ನು ದಾಟಿ ಒಳಕ್ಕೆ ಹೋಗುವುದು, ಹೊರಕ್ಕೆ ಬರುವುದು ಎಲ್ಲರಲ್ಲೂ, ಎಲ್ಲ ವಯಸ್ಸಿನಲ್ಲೂ ನಡೆಯುವ ಸಂಗತಿ. ರಕ್ತದಲ್ಲಿ ಕಣಗಳು ಹೆಚ್ಚಿದಷ್ಟೂ ಒಳಹೋಗುವುದೂ ಹೆಚ್ಚು. ಒಳಹೋದವು ಅಲ್ಲೇ ಸಿಕ್ಕಿಕೊಂಡಾಗ ತೊಂದರೆ ಶುರು. ಪದರದ ಕೆಳಗೆ ಪ್ರೋಟಿಯೋಗ್ಲೈಕನ್ ಎಂಬ ಎಳೆಗಳ ಜಾಲವಿದೆ, ಅದು ಋಣ ವಿದ್ಯುದಂಶ ಹೊತ್ತಿರುತ್ತದೆ. ಅಪೊ-ಬಿ ಪ್ರೋಟೀನಿನ ಕೆಲವು ಭಾಗಗಳಲ್ಲಿ ಧನ ಅಂಶವಿದೆ. ಎರಡೂ ಒಂದನ್ನೊಂದು ಹಿಡಿದುಕೊಳ್ಳುತ್ತವೆ. ರೋಗದ ಮೊದಲ ಹೆಜ್ಜೆ ಹೀಗೆ ಸಿಕ್ಕಿಕೊಳ್ಳುವುದೇ ಎಂದು ವಿಲಿಯಮ್ಸ್ ಮತ್ತು ಟಬಾಸ್ 1995ರಲ್ಲಿ ಸ್ಪಷ್ಟವಾಗಿ ಮಂಡಿಸಿದರು. ನಾಳ ಕವಲೊಡೆಯುವ ಜಾಗ, ತಿರುವಿನ ಒಳಬದಿ, ರಕ್ತ ನೇರವಾಗಿ ಹರಿಯದೆ ಸುಳಿ ತಿರುಗುವ ಕಡೆಗಳಲ್ಲಿ ಇದು ಹೆಚ್ಚು. ಕುತ್ತಿಗೆಯ ದೊಡ್ಡ ನಾಳ ಎರಡಾಗುವ ಜಾಗದಲ್ಲೂ ಹೃದಯದ ಎಡ ನಾಳ ಕವಲೊಡೆಯುವ ಹತ್ತಿರದಲ್ಲೂ ಬ್ಲಾಕ್ ಮತ್ತೆ ಮತ್ತೆ ಕಾಣುವುದು ಅದಕ್ಕೇ.

ಹೀಗೆ ಸಿಕ್ಕಿಕೊಂಡ ಕಣ ಅಲ್ಲೇ ಕಮಟು ಹಿಡಿಯುತ್ತದೆ. ಇದನ್ನು ಹೋಲಿಕೆಗಾಗಿ ಹೇಳುತ್ತಿಲ್ಲ. ಪಾವಗಡ, ಶಿರಾ ಕಡೆಯ ಗಾಣದ ಕಡ್ಲೆಕಾಯಿ ಎಣ್ಣೆಯನ್ನು ಮುಚ್ಚಳ ತೆರೆದು ಬಿಸಿಲು ಬೀಳುವ ಕಡೆ ತಿಂಗಳುಗಟ್ಟಲೆ ಇಟ್ಟರೆ ಬರುವ ವಾಸನೆಯ ಹಿಂದಿನ ರಸಾಯನಕ್ರಿಯೆಯೂ ನಾಳದ ಗೋಡೆಯಲ್ಲಿ ನಡೆಯುವುದೂ ಒಂದೇ. ಕಡ್ಲೆಕಾಯಿ ಎಣ್ಣೆಯಲ್ಲಿ ಲಿನೋಲಿಯಿಕ್ ಆಮ್ಲವಿದೆ. ಅದರ ಸರಪಳಿಯಲ್ಲಿ ಎರಡು ಜೋಡಿಬಂಧಗಳಿದ್ದು, ಅವುಗಳ ನಡುವಿನ ಹೈಡ್ರೋಜನ್ ಸುಲಭವಾಗಿ ಕಿತ್ತು ಬರುತ್ತದೆ. ಹೈಡ್ರೋಜನ್ ಹೋದ ಜಾಗಕ್ಕೆ ಆಮ್ಲಜನಕ ಬಂದು ಕೂರುತ್ತದೆ, ಆ ಹೊಸ ಅಣು ಪಕ್ಕದ ಸರಪಳಿಯಿಂದ ಹೈಡ್ರೋಜನ್ ಕೀಳುತ್ತದೆ, ಅದು ಅದರ ಪಕ್ಕದ್ದರಿಂದ. ಒಂದು ಕಡೆ ಹತ್ತಿದ್ದು ಸಾಲಾಗಿ ಸಾಗುತ್ತದೆ. ಕೊನೆಗೆ ಸರಪಳಿಗಳು ತುಂಡಾಗಿ ಆಲ್ಡಿಹೈಡ್‌ಗಳು ಹುಟ್ಟುತ್ತವೆ. ಮೂಗಿಗೆ ಬಡಿಯುವ ಕಮಟು ವಾಸನೆ ಬಹುಪಾಲು ಅವುಗಳದೇ. ಎಲ್‌ಡಿಎಲ್ ಕಣದಲ್ಲಿ ಕೊಲೆಸ್ಟ್ರಾಲಿಗೆ ಅಂಟಿಕೊಂಡಿರುವ, ಹೊರಪೊರೆಯಲ್ಲಿರುವ ಕೊಬ್ಬಿನಾಮ್ಲಗಳಲ್ಲೂ ಇದೇ ಲಿನೋಲಿಯಿಕ್ ಆಮ್ಲದ ಪಾಲು ದೊಡ್ಡದು. ಕೊಲೆಸ್ಟ್ರಾಲ್ ಅಣುವೂ ಆಮ್ಲಜನಕ ಸೇರಿ 7-ಕೀಟೊಕೊಲೆಸ್ಟ್ರಾಲ್‌ನಂಥ ರೂಪ ತಾಳುತ್ತದೆ. ಆಡುಮಾತಿನಲ್ಲಿ 'ಆಕ್ಸಿಡೈಸ್ಡ್ ಕೊಲೆಸ್ಟ್ರಾಲ್' ಎಂದು ಹೇಳುವುದರಲ್ಲಿ ಇವೆಲ್ಲ ಸೇರಿವೆ. ಕೆಟ್ಟದ್ದು ಕೊಲೆಸ್ಟ್ರಾಲ್ ಮಾತ್ರವಲ್ಲ, ಇಡೀ ಕಣ.

ರಕ್ತದಲ್ಲಿ ಹರಿಯುತ್ತಿರುವಾಗಲೇ ಯಾಕೆ ಹೀಗಾಗುವುದಿಲ್ಲ? ರಕ್ತದಲ್ಲಿ ವಿಟಮಿನ್ ಸಿ, ಯೂರಿಕ್ ಆಮ್ಲದಂಥ ರಕ್ಷಕಗಳು ಧಾರಾಳವಾಗಿವೆ. ಕಣದೊಳಗೇ ವಿಟಮಿನ್ ಇ ಕೂಡ ಇದೆ, ಒಂದು ಕಣಕ್ಕೆ ಸರಾಸರಿ ಆರು ಅಣುಗಳಷ್ಟು. ಗೋಡೆಯೊಳಗೆ ಸಿಕ್ಕಿಕೊಂಡ ಕಣಕ್ಕೆ ಈ ರಕ್ಷಣೆ ಅಷ್ಟಾಗಿ ಸಿಗುವುದಿಲ್ಲ, ಸುತ್ತಲಿನ ಕೋಶಗಳಿಂದ ಬರುವ ಲೈಪಾಕ್ಸಿಜನೇಸ್, ಮೈಲೋಪೆರಾಕ್ಸಿಡೇಸ್ ಕಿಣ್ವಗಳ ಹೊಡೆತಕ್ಕೂ ಅದು ಸಿಲುಕುತ್ತದೆ. ಸಿಕ್ಕಿಕೊಂಡಷ್ಟು ಹೊತ್ತೂ ಕೆಡಲು ಅವಕಾಶ ಹೆಚ್ಚು.

ಇದು ತಿಳಿದುಬಂದ ರೀತಿ ನನಗೆ ತುಂಬಾ ಇಷ್ಟ. ಗೋಡೆಯಲ್ಲಿ ಕೊಬ್ಬು ತುಂಬಿ ಊದಿಕೊಂಡ ಮ್ಯಾಕ್ರೋಫೇಜ್ ಕೋಶಗಳು, ಅಂದರೆ ಕಸ ನುಂಗುವ ರಕ್ಷಣಾ ಕೋಶಗಳು, ಸಿಗುತ್ತವೆ. ಸೂಕ್ಷ್ಮದರ್ಶಕದಲ್ಲಿ ಒಳಗೆಲ್ಲ ಗುಳ್ಳೆಗುಳ್ಳೆಯಾಗಿ ಕಾಣುವುದರಿಂದ ಅವುಗಳಿಗೆ ನೊರೆಕೋಶ ಎಂದೇ ಹೆಸರು. ಅವು ಕೊಬ್ಬು ತುಂಬಿಕೊಂಡದ್ದಾದರೂ ಹೇಗೆ? ಬ್ರೌನ್ ಮತ್ತು ಗೋಲ್ಡ್‌ಸ್ಟೀನ್ 1970ರ ದಶಕದಲ್ಲಿ ಎಲ್‌ಡಿಎಲ್ ರಿಸೆಪ್ಟರನ್ನು, ಅಂದರೆ ಆ ಕಣವನ್ನು ಕೋಶದೊಳಕ್ಕೆ ಎಳೆದುಕೊಳ್ಳುವ ಬಾಗಿಲನ್ನು, ಪತ್ತೆ ಮಾಡಿದರು, 1985ರಲ್ಲಿ ಅವರಿಗೆ ನೊಬೆಲ್ ಬಂತು. ಆದರೆ ಆ ರಿಸೆಪ್ಟರ್ ಹುಟ್ಟಿನಿಂದಲೇ ಇಲ್ಲದ ಮಕ್ಕಳಲ್ಲೂ ನೊರೆಕೋಶಗಳು ಬೇಕಾದಷ್ಟು ಇದ್ದವು, ಚಿಕ್ಕ ವಯಸ್ಸಿನಲ್ಲೇ ಹೃದಯಾಘಾತವೂ ಆಗುತ್ತಿತ್ತು. ಬಾಗಿಲೇ ಇಲ್ಲದಿದ್ದರೂ ಒಳಗೆ ಹೋದದ್ದು ಹೇಗೆ? ಮ್ಯಾಕ್ರೋಫೇಜಿಗೆ ಮಾಮೂಲಿ ಎಲ್‌ಡಿಎಲ್ ಕೊಟ್ಟರೆ ಅದು ಅಷ್ಟಾಗಿ ತೆಗೆದುಕೊಳ್ಳುತ್ತಲೇ ಇರಲಿಲ್ಲ. 1979ರಲ್ಲಿ ಅದೇ ತಂಡ ಎಲ್‌ಡಿಎಲ್ ಕಣವನ್ನು ರಾಸಾಯನಿಕವಾಗಿ ಬದಲಿಸಿ ಕೊಟ್ಟಿತು. ಆಗ ಮ್ಯಾಕ್ರೋಫೇಜ್‌ಗಳು ಗಬಗಬನೆ ನುಂಗಿದವು. ಸರಿ, ದೇಹದೊಳಗೆ ಈ ಬದಲಾವಣೆ ಮಾಡುವವರು ಯಾರು? 1980ರ ದಶಕದ ಮೊದಲ ವರ್ಷಗಳಲ್ಲಿ ಸ್ಯಾನ್ ಡಿಯಾಗೊದಲ್ಲಿ ಡೇನಿಯಲ್ ಸ್ಟೈನ್‌ಬರ್ಗ್ ಅವರ ತಂಡ ನಾಳದ ಒಳಪದರದ ಕೋಶಗಳ ಜೊತೆ ಎಲ್‌ಡಿಎಲ್ ಇಟ್ಟು ನೋಡಿತು. ಆ ಕೋಶಗಳೇ ಅದನ್ನು ಬದಲಿಸುತ್ತಿದ್ದವು. ಆ ಬದಲಾವಣೆ ಆಕ್ಸಿಡೇಷನ್ ಎಂಬುದು 1984ರ ಹೊತ್ತಿಗೆ ಖಚಿತವಾಯಿತು.

ಆಲ್ಡಿಹೈಡ್‌ಗಳು ಅಪೊ-ಬಿ ಪ್ರೋಟೀನಿನಲ್ಲಿರುವ ಲೈಸಿನ್ ಎಂಬ ಅಮೈನೋ ಆಮ್ಲಗಳಿಗೆ ಅಂಟಿಕೊಂಡು ಅವುಗಳ ಧನ ಅಂಶವನ್ನು ಅಳಿಸಿಬಿಡುತ್ತವೆ. ಆಮೇಲೆ ಮಾಮೂಲಿ ರಿಸೆಪ್ಟರಿಗೆ ಆ ಕಣದ ಗುರುತು ಸಿಗುವುದಿಲ್ಲ. ಅದನ್ನು ಗುರುತಿಸುವುದು ಮ್ಯಾಕ್ರೋಫೇಜ್ ಮೈಮೇಲಿರುವ ಸಿಡಿ36, ಎಸ್‌ಆರ್-ಎ ಎಂಬ ಬೇರೆ ಬಗೆಯ ರಿಸೆಪ್ಟರುಗಳು. ಸತ್ತ ಕೋಶ, ಬ್ಯಾಕ್ಟೀರಿಯಾದ ಚೂರು ಮುಂತಾದವನ್ನು ಹಿಡಿಯುವ ಕೆಲಸ ಅವುಗಳದು. ಮಾಮೂಲಿ ರಿಸೆಪ್ಟರಿಗೆ ಒಂದು ಮಿತಿಯಿದೆ: ಕೋಶದೊಳಗೆ ಕೊಲೆಸ್ಟ್ರಾಲ್ ಸಾಕಾದರೆ ಅದು ಕಡಿಮೆಯಾಗುತ್ತದೆ. ಈ ಎರಡನೇ ಬಗೆಗೆ ಅಂಥ ಮಿತಿಯೇ ಇಲ್ಲ. ತಿನ್ನುತ್ತಲೇ ಹೋಗುತ್ತವೆ. ಇದೊಂದು ಸಂಗತಿ ಬೇರೆಯಾಗಿದ್ದಿದ್ದರೆ ಈ ರೋಗದ ಸ್ವರೂಪವೇ ಬೇರೆ ಇರುತ್ತಿತ್ತು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಉರಿಯೂತ ಹುಟ್ಟುವುದೂ ಈ ಗುರುತಿನ ಗೊಂದಲದಿಂದಲೇ. ಕೆಟ್ಟ ಫಾಸ್ಫೋಲಿಪಿಡ್‌ಗಳು ಸಾಯುತ್ತಿರುವ ಕೋಶಗಳ ಮೈಮೇಲೂ ಇರುತ್ತವೆ, ಕೆಲವು ಬ್ಯಾಕ್ಟೀರಿಯಾಗಳ ಮೇಲ್ಮೈ ಅಣುಗಳನ್ನೂ ಹೋಲುತ್ತವೆ. ಹಾಗಾಗಿ ರೋಗನಿರೋಧಕ ವ್ಯವಸ್ಥೆ ಸೋಂಕು ಬಂದಿದೆ ಎಂದೇ ತಿಳಿಯುತ್ತದೆ. ನಾಳದ ಒಳಪದರ ತನ್ನ ಮೈಮೇಲೆ ವಿಕ್ಯಾಮ್-1 ಎಂಬ ಅಂಟುವ ಅಣುಗಳನ್ನು ತೋರಿಸುತ್ತದೆ. ಹರಿದು ಹೋಗುತ್ತಿದ್ದ ಬಿಳಿ ರಕ್ತಕಣಗಳು ಅಲ್ಲಿ ನಿಲ್ಲುತ್ತವೆ. ಒಳಗಿನಿಂದ ಎಂಸಿಪಿ-1 ಎಂಬ ಸಂಕೇತ ಹೊರಟು ಅವನ್ನು ಗೋಡೆಯೊಳಕ್ಕೆ ಕರೆಯುತ್ತದೆ. ಒಳಗೆ ಬಂದವು ಮ್ಯಾಕ್ರೋಫೇಜ್ ಆಗಿ, ಕೆಟ್ಟ ಎಲ್‌ಡಿಎಲ್ ತಿಂದು, ನೊರೆಕೋಶವಾಗುತ್ತವೆ. 1997ರಲ್ಲಿ ಜಪಾನಿನ ವಿಜ್ಞಾನಿಗಳು ಒಳಪದರದ ಕೋಶಗಳಲ್ಲೇ ಲಾಕ್ಸ್-1 ಎಂಬ ರಿಸೆಪ್ಟರ್ ಕಂಡುಹಿಡಿದರು. ಕೆಟ್ಟ ಎಲ್‌ಡಿಎಲ್ ಅದಕ್ಕೆ ತಗುಲಿದರೆ ನಾಳವನ್ನು ಸಡಿಲವಾಗಿಡುವ ನೈಟ್ರಿಕ್ ಆಕ್ಸೈಡ್ ಕಡಿಮೆಯಾಗುತ್ತದೆ. ಇತ್ತ ಒಳಗೆ ಸೇರಿದ ಬಿಳಿ ರಕ್ತಕಣಗಳು ಸೋಂಕನ್ನು ಕೊಲ್ಲಲು ಆಕ್ಸಿಡೀಕರಿಸುವ ರಾಸಾಯನಿಕಗಳನ್ನು ಚೆಲ್ಲುತ್ತವೆ. ಸೋಂಕಂತೂ ಅಲ್ಲಿಲ್ಲ. ಆ ರಾಸಾಯನಿಕಗಳಿಂದ ಇನ್ನಷ್ಟು ಎಲ್‌ಡಿಎಲ್ ಕೆಡುತ್ತದೆ, ಇನ್ನಷ್ಟು ಬಿಳಿ ರಕ್ತಕಣಗಳು ಬರುತ್ತವೆ. ಹೊರಗಿನಿಂದ ಎಲ್‌ಡಿಎಲ್ ಬರುತ್ತಿರುವವರೆಗೆ ಈ ಚಕ್ರ ನಿಲ್ಲುವುದಿಲ್ಲ.

ನೊರೆಕೋಶದೊಳಗೆ ಕೊಲೆಸ್ಟ್ರಾಲ್ ಅತಿಯಾದರೆ ಅದು ಹರಳುಗಟ್ಟುತ್ತದೆ. ಈ ಹರಳುಗಳು ಎನ್‌ಎಲ್‌ಆರ್‌ಪಿ3 ಎಂಬ ಪ್ರೋಟೀನ್ ಕೂಟವನ್ನು ಕೆರಳಿಸುತ್ತವೆ ಎಂಬುದು 2010ರಲ್ಲಿ ತಿಳಿಯಿತು. ಅದರಿಂದ ಹೊರಬೀಳುವ ಇಂಟರ್‌ಲ್ಯೂಕಿನ್-1 ಬೀಟಾ ದೇಹದ ಅತಿ ಜೋರಿನ ಉರಿಯೂತದ ಸಂಕೇತಗಳಲ್ಲಿ ಒಂದು. ಅದರ ಬೆನ್ನಿಗೆ ಇಂಟರ್‌ಲ್ಯೂಕಿನ್-6, ಅದರಿಂದ ಲಿವರಿನಲ್ಲಿ ಸಿಆರ್‌ಪಿ ಎಂಬ ಪ್ರೋಟೀನ್. ಲ್ಯಾಬ್ ರಿಪೋರ್ಟಿನಲ್ಲಿ 'ಎಚ್‌ಎಸ್-ಸಿಆರ್‌ಪಿ' ಎಂದು ಕಾಣುವುದು ಈ ಸರಣಿಯ ಕಟ್ಟಕಡೆಯ ಕೊಂಡಿ. ಇತ್ತ ಗೋಡೆಯಲ್ಲಿ ನೊರೆಕೋಶಗಳು ಸತ್ತು, ನಡುವೆ ಮೆತ್ತನೆಯ ಕೊಬ್ಬಿನ ಮುದ್ದೆ ಉಳಿಯುತ್ತದೆ. ಅದರ ಮೇಲೆ ಸ್ನಾಯುಕೋಶಗಳು ಕೊಲಾಜೆನ್ನಿನ ಮುಚ್ಚಳ ಕಟ್ಟುತ್ತವೆ. ಉರಿಯೂತದ ಕಿಣ್ವಗಳು ಆ ಮುಚ್ಚಳವನ್ನು ಕೊರೆದು ತೆಳುವಾಗಿಸುತ್ತವೆ. ಒಂದು ದಿನ ಅದು ಹರಿದರೆ ಒಳಗಿನದು ರಕ್ತಕ್ಕೆ ತಾಗಿ, ನಿಮಿಷಗಳಲ್ಲಿ ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚಿಹೋಗುತ್ತದೆ.

"ಹೋದ ತಿಂಗಳು ಟಿಎಂಟಿ ಮಾಡಿಸಿದ್ರು, ನಾರ್ಮಲ್ ಅಂದಿದ್ರು, ಹೆಂಗಾಯ್ತು?" ಎಂದು ಮನೆಯವರು ಕೇಳುವ ಪ್ರಶ್ನೆಗೆ ಉತ್ತರ ಇಲ್ಲಿದೆ. ರಕ್ತದ ಹರಿವು ಗಣನೀಯವಾಗಿ ಕುಗ್ಗಿದ್ದರೆ ಟಿಎಂಟಿಯಲ್ಲಿ, ಅಂದರೆ ಟ್ರೆಡ್‌ಮಿಲ್ ಮೇಲೆ ನಡೆಸಿ ಮಾಡುವ ಇಸಿಜಿ ಪರೀಕ್ಷೆಯಲ್ಲಿ, ಕಾಣುತ್ತದೆ. ಅರ್ಧದಷ್ಟೂ ಅಡ್ಡ ಬಾರದ, ಆದರೆ ಉರಿಯಿಂದ ಮುಚ್ಚಳ ತೆಳುವಾದ ಗಂಟು ಅದರಲ್ಲಿ ಕಾಣದೇ ಹೋಗಬಹುದು, ಹರಿಯುವುದು ಮಾತ್ರ ಅದೇ ಆಗಿರಬಹುದು. ತಾಲ್ಲೂಕು ಆಸ್ಪತ್ರೆಗಳಲ್ಲಿ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ಉಚಿತವಾಗಿ ಕೊಡುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಕರಗಿಸುವುದು ಹೆಪ್ಪನ್ನು, ಗೋಡೆಯೊಳಗಿನ ಗಂಟನ್ನಲ್ಲ. ಎದೆನೋವು ಬಂದಾಗ ಅದು ಜೀವ ಉಳಿಸುತ್ತದೆ, ಗ್ಯಾಸ್ ಎಂದುಕೊಂಡು ಸೋಡಾ ಕುಡಿಯುತ್ತ ಕೂರದೆ ಹೋಗಲೇಬೇಕು. ಆದರೆ ರೋಗ ಅಲ್ಲಿಗೆ ಮುಗಿದಿರುವುದಿಲ್ಲ. ಅದು ಶುರುವಾದದ್ದೂ ಆವತ್ತಲ್ಲ. ಕೊರಿಯಾ ಯುದ್ಧದಲ್ಲಿ ಸತ್ತ 300 ಅಮೆರಿಕನ್ ಸೈನಿಕರ ಹೃದಯಗಳನ್ನು ಪರೀಕ್ಷಿಸಿದ 1953ರ ವರದಿಯ ಪ್ರಕಾರ ಶೇ. 77ರಷ್ಟು ಮಂದಿಯ ನಾಳಗಳಲ್ಲಿ ರೋಗದ ಗುರುತು ಕಂಡಿತ್ತು. ಅವರ ಸರಾಸರಿ ವಯಸ್ಸು 22.

ಇಷ್ಟು ಓದಿದವರಿಗೆ ಸಹಜವಾಗಿ ಬರುವ ಯೋಚನೆ: ಆಕ್ಸಿಡೇಷನ್ನಿಂದ ತೊಂದರೆಯಾದರೆ ಆಂಟಿಆಕ್ಸಿಡೆಂಟ್ ಮಾತ್ರೆ ನುಂಗಿದರಾಯಿತಲ್ಲ? ಮೆಡಿಕಲ್ ಶಾಪಿನಲ್ಲಿ ವಿಟಮಿನ್ ಇ ಮಾತ್ರೆ ಕೇಳಿ ಒಯ್ಯುವವರು ಕಡಿಮೆಯಿಲ್ಲ, 'ನಾಳ ಶುದ್ಧಿ' ಎಂದು ವಾಟ್ಸ್ಆ್ಯಪಿನಲ್ಲಿ ಮಾರುವವರೂ ಕಡಿಮೆಯಿಲ್ಲ. ಇದನ್ನು ವಿಜ್ಞಾನ ದೊಡ್ಡ ಪ್ರಮಾಣದಲ್ಲೇ ಪರೀಕ್ಷಿಸಿ ನೋಡಿದೆ. 2000ದಲ್ಲಿ ಬಂದ ಹೋಪ್ ಅಧ್ಯಯನದಲ್ಲಿ 9,000ಕ್ಕೂ ಹೆಚ್ಚು ಜನರ ಪೈಕಿ ವಿಟಮಿನ್ ಇ ಪಡೆದವರಿಗೂ ಪಡೆಯದವರಿಗೂ ಹೃದಯದ ವಿಷಯದಲ್ಲಿ ವ್ಯತ್ಯಾಸವೇ ಕಾಣಲಿಲ್ಲ. 2002ರಲ್ಲಿ ಬ್ರಿಟನ್ನಿನ ಹಾರ್ಟ್ ಪ್ರೊಟೆಕ್ಷನ್ ಸ್ಟಡಿ ಇನ್ನೂ ಚೆನ್ನಾಗಿ ಉತ್ತರ ಕೊಟ್ಟಿತು. 20,536 ಜನರನ್ನು ಎರಡು ರೀತಿಯಲ್ಲಿ ಹಂಚಿದರು. ಅರ್ಧ ಜನಕ್ಕೆ ವಿಟಮಿನ್ ಇ, ಸಿ, ಬೀಟಾ ಕ್ಯಾರೋಟಿನ್. ಅದೇ ಜನರಲ್ಲಿ ಬೇರೆ ಹಂಚಿಕೆಯ ಪ್ರಕಾರ ಅರ್ಧ ಜನಕ್ಕೆ ಎಲ್‌ಡಿಎಲ್ ಇಳಿಸುವ ಸಿಮ್ವಾಸ್ಟಾಟಿನ್ 40 ಮಿಲಿಗ್ರಾಂ. ಐದು ವರ್ಷ ಕಳೆದ ಮೇಲೆ ವಿಟಮಿನ್ನುಗಳಿಂದ ಏನೂ ಪ್ರಯೋಜನವಾಗಿರಲಿಲ್ಲ. ಸಿಮ್ವಾಸ್ಟಾಟಿನ್ ಪಡೆದವರಲ್ಲಿ ಹೃದಯಾಘಾತ, ಪಾರ್ಶ್ವವಾಯುವಿನಂಥ ಘಟನೆಗಳು ಸುಮಾರು ಕಾಲು ಭಾಗ ಕಡಿಮೆಯಾಗಿದ್ದವು. ಒಂದೇ ಅಧ್ಯಯನ, ಅದೇ ಜನ.

ಆಕ್ಸಿಡೇಷನ್ ಸಿದ್ಧಾಂತವೇ ಸುಳ್ಳು ಎಂದು ಇದರಿಂದ ಹೇಳಲಾಗದು. ನಾಳದ ಗೋಡೆಯಲ್ಲಿ ಮೈಲೋಪೆರಾಕ್ಸಿಡೇಸ್ ನಡೆಸುವ ಆಕ್ಸಿಡೇಷನ್ನನ್ನು ವಿಟಮಿನ್ ಇ ಅಷ್ಟಾಗಿ ತಡೆಯದು. ನುಂಗಿದ ಮಾತ್ರೆ ಆ ಮೂಲೆಗೆ ಎಷ್ಟು ತಲುಪುತ್ತದೆ ಎಂಬ ಪ್ರಶ್ನೆಯೂ ಇದೆ. ರೋಗ ಬೇರೂರಿದ ಮೇಲೆ ಕೊಟ್ಟದ್ದೂ ಒಂದು ಕಾರಣವಿರಬಹುದು. ನನ್ನ ಮಟ್ಟಿಗೆ ಪಾಠ ಸರಳ: ಸಿಕ್ಕಿಕೊಂಡ ಕಣ ಕೆಡದಂತೆ ಕಾಯುವುದಕ್ಕಿಂತ ಸಿಕ್ಕಿಕೊಳ್ಳುವ ಕಣಗಳನ್ನೇ ಕಡಿಮೆ ಮಾಡುವುದು ಫಲ ಕೊಡುತ್ತದೆ. ಉರಿಯನ್ನೇ ನೇರವಾಗಿ ತಣಿಸುವ ಪ್ರಯತ್ನವೂ ನಡೆದಿದೆ. ಇಂಟರ್‌ಲ್ಯೂಕಿನ್-1 ಬೀಟಾವನ್ನು ತಡೆಯುವ ಕ್ಯಾನಕಿನುಮ್ಯಾಬ್ ಔಷಧದ ಮೇಲೆ 2017ರಲ್ಲಿ ಬಂದ ಕ್ಯಾಂಟೋಸ್ ಅಧ್ಯಯನದಲ್ಲಿ, ಹಿಂದೆ ಹೃದಯಾಘಾತವಾಗಿದ್ದ 10,061 ಮಂದಿ ಇದ್ದರು. ಎಲ್‌ಡಿಎಲ್ ಇಳಿಯದಿದ್ದರೂ ಹೊಸ ಘಟನೆಗಳು ಶೇ. 15ರಷ್ಟು ತಗ್ಗಿದವು. ಉರಿಯೂತ ಬರೀ ಜೊತೆಗಾರನಲ್ಲ, ಕಾರಣವೂ ಹೌದು ಎಂಬುದಕ್ಕೆ ಅದು ಮನುಷ್ಯರಲ್ಲಿ ಸಿಕ್ಕ ಪುರಾವೆ. ಆದರೆ ಜೀವ ತೆಗೆಯುವ ಸೋಂಕುಗಳು ಹೆಚ್ಚಿದವು, ಬೆಲೆಯೂ ವಿಪರೀತ, ಹೃದ್ರೋಗಕ್ಕೆ ಅದು ಬಳಕೆಗೆ ಬರಲಿಲ್ಲ. 2020ರಲ್ಲಿ ಗೌಟ್ ಎಂಬ ಕೀಲುಬೇನೆಗೆ ಕೊಡುವ ಹಳೆಯ, ಅಗ್ಗದ ಕಾಲ್ಚಿಸಿನ್ ದಿನಕ್ಕೆ ಅರ್ಧ ಮಿಲಿಗ್ರಾಂ ಕೊಟ್ಟಾಗ ಹೃದ್ರೋಗಿಗಳಲ್ಲಿ ಒಳ್ಳೆಯ ಫಲಿತಾಂಶ ಬಂತು. ಕಿಡ್ನಿ ತೊಂದರೆ ಇರುವವರಿಗೆ ಅದು ಅಪಾಯ, ಡಾಕ್ಟರು ಬರೆಯದೆ ಮುಟ್ಟಬಾರದು.

ಎಣ್ಣೆಯ ವಿಷಯಕ್ಕೆ ಬರೋಣ, ನಮ್ಮಲ್ಲಿ ಅತಿ ಹೆಚ್ಚು ಗೊಂದಲ ಅಲ್ಲೇ. ತಿಪಟೂರಿನ ಕಡೆ ಕಾಯಿಗಳನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ತಿಂಗಳುಗಟ್ಟಲೆ ಬಿಟ್ಟು ಉಂಡೆಕೊಬ್ಬರಿ ಮಾಡುತ್ತಾರೆ. ಅಷ್ಟು ದಿನ ಇಟ್ಟರೂ ಅದು ಬೇಗ ಕಮಟುವುದಿಲ್ಲ, ಯಾಕೆಂದರೆ ಕೊಬ್ಬರಿ ಎಣ್ಣೆಯ ಸುಮಾರು ಶೇ. 90 ಭಾಗ ಜೋಡಿಬಂಧವಿಲ್ಲದ ಸ್ಯಾಚುರೇಟೆಡ್ ಕೊಬ್ಬು. ಕಡ್ಲೆಕಾಯಿ, ಸೂರ್ಯಕಾಂತಿ ಎಣ್ಣೆಗಳು ಬೇಗ ಕೆಡುತ್ತವೆ. ಹಾಗಾದರೆ ಕೊಬ್ಬರಿ ಎಣ್ಣೆಯೇ ನಾಳಕ್ಕೆ ಒಳ್ಳೆಯದು ಎಂದು ಹೇಳುವವರಿದ್ದಾರೆ. ಬಾಟಲಿಗೆ ಒಪ್ಪುವ ತರ್ಕ ದೇಹಕ್ಕೆ ಒಪ್ಪುವುದಿಲ್ಲ. ಸ್ಯಾಚುರೇಟೆಡ್ ಕೊಬ್ಬು ಹೆಚ್ಚಾದರೆ ಲಿವರ್ ರಕ್ತದಿಂದ ಎಲ್‌ಡಿಎಲ್ ಎಳೆದುಕೊಳ್ಳುವುದು ಕುಗ್ಗಿ, ಕಣಗಳ ಸಂಖ್ಯೆ ಏರುತ್ತದೆ. ಲಿನೋಲಿಯಿಕ್ ಆಮ್ಲವಿರುವ ಎಣ್ಣೆಗಳು ಎಲ್‌ಡಿಎಲ್ ಇಳಿಸುತ್ತವೆ. ತಾಜಾ ಎಣ್ಣೆಯನ್ನು ಹಿತಮಿತವಾಗಿ ಬಳಸುವವರು ಕಮಟಿನ ಭಯದಿಂದ ಕಡ್ಲೆಕಾಯಿ ಎಣ್ಣೆ ಬಿಡಬೇಕಿಲ್ಲ. ಎಣ್ಣೆ ಪ್ಯಾಕೆಟ್ಟಿನ ಮೇಲೆ 'ಕೊಲೆಸ್ಟ್ರಾಲ್ ರಹಿತ' ಎಂದು ಅಚ್ಚು ಹಾಕುವುದಂತೂ ಏನನ್ನೂ ಹೇಳಿದಂತಲ್ಲ. ಸಸ್ಯಜನ್ಯ ಎಣ್ಣೆಯಲ್ಲಿ ಲೆಕ್ಕಕ್ಕೆ ಸಿಗುವಷ್ಟು ಕೊಲೆಸ್ಟ್ರಾಲ್ ಇರುವುದೇ ಇಲ್ಲ.

ಬಿಡಬೇಕಾದ್ದು ಬೆಳಗ್ಗೆಯಿಂದ ರಾತ್ರಿವರೆಗೆ ಕುದ್ದು, ಮರುದಿನ ಮತ್ತೆ ಹೊಸ ಎಣ್ಣೆ ಸುರಿದುಕೊಂಡು ಕುದಿಯುವ ಬೋಂಡಾ ಬಾಣಲೆಯ ಎಣ್ಣೆಯನ್ನು. ಕಪ್ಪಗೆ, ಅಂಟಂಟಾಗಿ, ಬಾಣಲೆಯ ಅಂಚಿನಲ್ಲಿ ನೊರೆ ನಿಲ್ಲುವ ಎಣ್ಣೆಯಲ್ಲಿ ಆಗಲೇ ಆಲ್ಡಿಹೈಡ್‌ಗಳು, ಪೆರಾಕ್ಸೈಡ್‌ಗಳು ತುಂಬಿರುತ್ತವೆ. ಕರಿದ ಎಣ್ಣೆಯಲ್ಲಿ ಎಣ್ಣೆ ಕೆಟ್ಟಾಗ ಹುಟ್ಟುವ ಪೋಲಾರ್ ಸಂಯುಕ್ತಗಳು ಒಟ್ಟು ಶೇ. 25 ದಾಟಿದರೆ ಅಡುಗೆಗೆ ಬಳಸಬಾರದು ಎಂದು ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ 2018ರ ಜುಲೈಯಿಂದ ಜಾರಿಯಲ್ಲಿದೆ. ತುಪ್ಪದ ಮೇಲೂ ಅನುಮಾನ ಬಂದದ್ದುಂಟು. ಕಾಸಿದ ತುಪ್ಪದಲ್ಲಿ ಆಕ್ಸಿಡೀಕೃತ ಕೊಲೆಸ್ಟ್ರಾಲ್ ಇದೆ, ವಿದೇಶದ ಭಾರತೀಯರ ಹೃದ್ರೋಗಕ್ಕೆ ಅದು ಕಾರಣವಿರಬಹುದೇ ಎಂದು 1987ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯ ಲೇಖನವೊಂದು ಕೇಳಿತ್ತು. ಮುದ್ದೆಯ ಮೇಲೆ ಹಾಕಿಕೊಳ್ಳುವ ಒಂದು ಚಮಚ ತಾಜಾ ತುಪ್ಪಕ್ಕೆ ಅಷ್ಟು ದೊಡ್ಡ ಆರೋಪ ಹೊರಿಸಲು ನನಗೆ ಮನಸ್ಸಿಲ್ಲ. ತುಪ್ಪದಲ್ಲೇ ಕರಿಯುವುದು ಬೇರೆ ಮಾತು.

ಬೀಡಿ, ಸಿಗರೇಟು ಈ ಇಡೀ ಸರಣಿಯ ಪ್ರತಿ ಹಂತಕ್ಕೂ ತುಪ್ಪ ಸುರಿಯುತ್ತವೆ: ಒಳಪದರ ಗಾಯಗೊಳ್ಳುತ್ತದೆ, ರಕ್ತದ ವಿಟಮಿನ್ ಸಿ ಬರಿದಾಗುತ್ತದೆ, ಆಕ್ಸಿಡೇಷನ್ ಹೆಚ್ಚುತ್ತದೆ. ಶುಗರ್ ಇದ್ದರೆ ಎಲ್‌ಡಿಎಲ್ ಕಣಕ್ಕೆ ಸಕ್ಕರೆ ಅಂಟಿ ಅದು ಇನ್ನೂ ಸುಲಭವಾಗಿ ಕೆಡುತ್ತದೆ. ಬಿಪಿ ಏರಿದರೆ ಕಣಗಳು ಗೋಡೆಯೊಳಕ್ಕೆ ನುಗ್ಗುವುದು ಹೆಚ್ಚುತ್ತದೆ.

'ಆಕ್ಸಿಡೈಸ್ಡ್ ಎಲ್‌ಡಿಎಲ್' ಅಳೆಯುವ ಪರೀಕ್ಷೆಗಳೂ ಇವೆ, ಆದರೆ ದಿನನಿತ್ಯದ ಚಿಕಿತ್ಸೆಗೆ ಅದರ ಅಗತ್ಯವಿಲ್ಲ. ಕೈಯಲ್ಲಿರುವ ರಿಪೋರ್ಟಿನಲ್ಲೇ ಒಟ್ಟು ಕೊಲೆಸ್ಟ್ರಾಲಿನಿಂದ ಎಚ್‌ಡಿಎಲ್ (ಜನ 'ಒಳ್ಳೆಯ ಕೊಲೆಸ್ಟ್ರಾಲ್' ಎನ್ನುವುದು) ಕಳೆಯಿರಿ, ಬಂದ ಸಂಖ್ಯೆ ನಾನ್-ಎಚ್‌ಡಿಎಲ್, ಅಂದರೆ ಗೋಡೆಗೆ ಇಳಿಯಬಲ್ಲ ಎಲ್ಲ ಕಣಗಳಲ್ಲಿರುವ ಕೊಲೆಸ್ಟ್ರಾಲ್. ನಮ್ಮವರಲ್ಲಿ ಟ್ರೈಗ್ಲಿಸರೈಡ್ ಹೆಚ್ಚು, ಎಚ್‌ಡಿಎಲ್ ಕಡಿಮೆ, ಎಲ್‌ಡಿಎಲ್ ಸುಮಾರಾಗಿ ಸರಿ ಎಂಬ ರಿಪೋರ್ಟು ಬಹಳ ಸಾಮಾನ್ಯ. ಅಂಥವರ ಎಲ್‌ಡಿಎಲ್ ಕಣಗಳು ಇನ್ನೂ ಪುಟ್ಟದಾಗಿ, ಒತ್ತಾಗಿ ಇರುತ್ತವೆ. ಅಂಕಿ ಅದೇ ಇದ್ದರೂ ಕಣಗಳು ಜಾಸ್ತಿ, ಕೆಡುವುದೂ ಬೇಗ. ಒಂದು ಕಣಕ್ಕೆ ಒಂದೇ ಅಪೊ-ಬಿ ಇರುವುದರಿಂದ ಅಪೊ-ಬಿ ಪರೀಕ್ಷೆ ಕಣಗಳನ್ನೇ ಎಣಿಸಿದಂತೆ. ಭಾರತೀಯ ಹೃದ್ರೋಗ ತಜ್ಞರ ಸಂಘ 2024ರ ಮಾರ್ಗಸೂಚಿಯಲ್ಲಿ ಎಲ್‌ಡಿಎಲ್ ಸಾಮಾನ್ಯರಿಗೆ 100ರ ಕೆಳಗೆ, ಶುಗರ್ ಅಥವಾ ಬಿಪಿ ಇರುವ ಹೆಚ್ಚಿನ ಅಪಾಯದವರಿಗೆ 70ರ ಕೆಳಗೆ, ಹೃದಯಾಘಾತ ಆದವರಿಗೆ 55ರ ಕೆಳಗೆ ಇರಬೇಕು ಎಂದಿದೆ. ಜೀವಮಾನದಲ್ಲಿ ಒಮ್ಮೆಯಾದರೂ ಲಿಪೊಪ್ರೋಟೀನ್-ಎ ನೋಡಿಸಬೇಕು ಎಂದೂ ಹೇಳಿದೆ. ಅದು ಎಲ್‌ಡಿಎಲ್‌ನ ದಾಯಾದಿ. ಕೆಟ್ಟ ಫಾಸ್ಫೋಲಿಪಿಡ್‌ಗಳನ್ನು ರಕ್ತದಲ್ಲಿ ಹೊತ್ತು ತಿರುಗುವುದು ಮುಖ್ಯವಾಗಿ ಅದೇ. ಅದರ ಮಟ್ಟ ಬಹುತೇಕ ಹುಟ್ಟಿನಿಂದಲೇ ಗೊತ್ತಾಗಿರುತ್ತದೆ, ಪಥ್ಯದಿಂದ ಅಷ್ಟಾಗಿ ಬದಲಾಗದು. ಮನೆಯಲ್ಲಿ ಅಪ್ಪನಿಗೋ ಚಿಕ್ಕಪ್ಪನಿಗೋ ಐವತ್ತರೊಳಗೆ ಹೃದಯಾಘಾತ ಆಗಿದ್ದರೆ ಮಕ್ಕಳು ಇದನ್ನೊಮ್ಮೆ ಮಾಡಿಸಿಕೊಳ್ಳುವುದು ಮೇಲು.

ಎಲ್‌ಡಿಎಲ್ ಇಳಿಸುವ ಸ್ಟಾಟಿನ್ ಮಾತ್ರೆ ತೆಗೆದುಕೊಳ್ಳುವವರು ಮೂರು ತಿಂಗಳ ಮೇಲೆ ರಿಪೋರ್ಟು ಹಿಡಿದು "ಸಾರ್, ನಾರ್ಮಲ್ಗೆ ಬಂತು, ಮಾತ್ರೆ ನಿಲ್ಲಿಸ್ಬಿಟ್ಟೆ" ಎನ್ನುವುದನ್ನು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಆ ಅಂಕಿ ಇಳಿದಿರುವುದು ಮಾತ್ರೆಯಿಂದ. ಲಿವರ್ ಹೆಚ್ಚು ರಿಸೆಪ್ಟರ್ ಮಾಡಿಕೊಂಡು ರಕ್ತದಿಂದ ಕಣಗಳನ್ನು ಎಳೆದುಕೊಳ್ಳುತ್ತಿರುವುದು ಮಾತ್ರೆ ಒಳಗಿರುವವರೆಗೆ ಮಾತ್ರ. ನಿಲ್ಲಿಸಿದರೆ ಕೆಲವೇ ವಾರಗಳಲ್ಲಿ ಎಲ್‌ಡಿಎಲ್ ಹಳೆಯ ಮಟ್ಟಕ್ಕೆ ಹೋಗುತ್ತದೆ, ಗೋಡೆಯೊಳಗಿನ ಕೆಲಸ ಮತ್ತೆ ಶುರುವಾಗುತ್ತದೆ. ಮೈಕೈ ನೋವೋ ಬೇರೆ ತೊಂದರೆಯೋ ಇದ್ದರೆ ಡಾಕ್ಟರಿಗೆ ಹೇಳಿ. ಪ್ರಮಾಣ ಇಳಿಸುವುದು, ಬೇರೆ ಸ್ಟಾಟಿನ್ ಕೊಡುವುದು, ಎಜೆಟಿಮೈಬ್ ಎಂಬ ಬೇರೆ ಬಗೆಯ ಮಾತ್ರೆ ಸೇರಿಸುವುದು ಎಲ್ಲವೂ ಇವೆ.